ದೀಪವಿಲ್ಲದ ಊರು

ನಮ್ಮಜ್ಜಿಯ ಅಡುಗೆಮನೆಯಲ್ಲಿ ‘ಖಾಲಿ’ ಎನ್ನುವ ಮಾತು ಬಾಯಿಗೆ ಬರುವಂತಿರಲಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾಗೈತೆ’ ಅನ್ನಬೇಕು. ಬಳೆ ಒಡೆದರೂ ‘ಹೆಚ್ಚಿತು’ ಅನ್ನಬೇಕು. ದೀಪ ಆರಿಸು ಅಂದರೆ ಬೈಗುಳ ಗ್ಯಾರಂಟಿ. ‘ದೀಪ ದೊಡ್ಡದು ಮಾಡು’ ಅನ್ನಬೇಕು. ಇಸ್ಕೂಲಿಗೆ ಹೋಗಿ ನಾಲ್ಕಕ್ಷರ ಕಲಿತ ನಾನು ಒಮ್ಮೆ ‘ಮುಗಿದದ್ದನ್ನು ಮುಗಿದಿದೆ ಅಂದರೆ ತಪ್ಪೇನಜ್ಜಿ?’ ಎಂದು ವಾದ ಹೂಡಿದ್ದೆ. ಅಜ್ಜಿ ರಾಗಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ‘ಅಂದಂಗೇ ಆಯ್ತದೆ ಕಣ್ ಮಗ’ ಎಂದಿದ್ದಳು.

ಈ ಮಾತು ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಒಂದು ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ. ಅಜ್ಜಿಯ ತವರು ಹೆಗ್ಗಡದೇವನಕೋಟೆಯ ಕಡೆ. ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಹೊಲ ಕೊಟ್ಟಿದ್ದರಂತೆ. ಅಜ್ಜಿ ಹೋದಳು, ಅದಾದ ಮೇಲೆ ಅಮ್ಮನಿಗೂ ವಯಸ್ಸಾಯಿತು. ‘ಆ ಹೊಲ ಏನಾಯ್ತು ಅಂತ ಒಂದು ಸಲ ನೋಡ್ಕೊಂಡ್ ಬಾರೆ’ ಎಂದು ಅಮ್ಮ ಹಿಂದೆ ಬಿದ್ದದ್ದರಿಂದ ಪಹಣಿ ಕೇಳಲು ಹೋಗಿದ್ದೆ. ಊರಿನ ಹೆಸರು ಹೇಳಿದೆ. ಗುಮಾಸ್ತರು ಪಟ್ಟಿ ನೋಡಿ, ‘ಅದು ಬೇಚಿರಾಕ್ ಗ್ರಾಮ ಮೇಡಂ’ ಅಂದರು. ಹಾಗೆಂದರೇನು ಎಂದು ಕೇಳಿದೆ. ‘ಖಾಲಿ ಊರು. ಜನ ಇಲ್ಲ.’

ನಮ್ಮಜ್ಜಿ ಹುಟ್ಟಿದ್ದೇ ಅಲ್ಲಿ ಎಂದು ಹೇಳಬೇಕೆಂದುಕೊಂಡೆ. ಹಿಂದೆ ಸರದಿ ಉದ್ದವಿತ್ತು, ಹೇಳಲಿಲ್ಲ.

ಬೇಚಿರಾಕ್ ಎನ್ನುವುದು ಪಾರಸಿಯಿಂದ ಬಂದ ಮಾತು. ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ್ದು. ದೀಪವಿಲ್ಲದ ಊರು ಎಂದರ್ಥ. ಕಂದಾಯ ಇಲಾಖೆಯ ಮಾತುಗಳಲ್ಲಿ ಖಾತೆ, ಜಮಾಬಂದಿ, ಖರಾಬು ಎಂದು ಹೊರಗಿನಿಂದ ಬಂದವು ಎಷ್ಟೋ ಇವೆ. ನಾವು ದಿನಾ ಆಡುತ್ತೇವೆ, ಅರ್ಥ ಕೇಳುವುದಿಲ್ಲ. ಆದರೆ ಈ ಒಂದು ಮಾತು ತಿಳಿದಾಗ ನನಗೆ ಮೈ ಜುಂ ಎಂದಿತು. ಒಂದೂರಿನಲ್ಲಿ ಜನ ಇದ್ದಾರೋ ಇಲ್ಲವೋ ಎನ್ನುವುದನ್ನು ಯಾವನೋ ದಫ್ತರದವನು ಬೇಲಿಯಿಂದ ಅಳೆಯಲಿಲ್ಲ, ದನಗಳಿಂದ ಅಳೆಯಲಿಲ್ಲ, ಸಂಜೆಯ ದೀಪದಿಂದ ಅಳೆದ. ಸಂಜೆಯ ದೀಪವೆಂದರೆ ಹೆಣ್ಣುಮಕ್ಕಳ ಕೆಲಸ. ಅಂದರೆ ಊರಿನಲ್ಲಿ ಹೆಂಗಸು ಇರುವ ತನಕ ಊರು ಇದ್ದ ಹಾಗೆ!

ಇಂಥ ಊರುಗಳು ಕಡಿಮೆಯೇನಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳಲ್ಲಿ ಜನವಸತಿ ಇದ್ದದ್ದು 27,397ರಲ್ಲಿ. ಉಳಿದ ಸಾವಿರದ ಒಂಬೈನೂರಕ್ಕೂ ಮೇಲ್ಪಟ್ಟು ಊರುಗಳಿಗೆ ಹೆಸರಿದೆ, ಎಲ್ಲೆ ಇದೆ, ನಕ್ಷೆ ಇದೆ, ಮನುಷ್ಯರಿಲ್ಲ. ಏಕೆ ಹೀಗಾಯಿತು ಎನ್ನುವುದಕ್ಕೆ ಒಂದೊಂದು ಊರಿನದೂ ಒಂದೊಂದು ಕಥೆ. ನಮ್ಮ ಸೀಮೆಯ ದೊಡ್ಡ ಕಥೆಯೆಂದರೆ 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟೂವರೆ ಲಕ್ಷ ಇಳಿದಿತ್ತು. ಆಮೇಲೆ 1898ರಿಂದ ಪ್ಲೇಗು ಬಂತು. ಇಲಿ ಬಿದ್ದಿತೆಂದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಕೆಲವರು ಹಿಂದಿರುಗಿದರು, ಕೆಲವರು ಗುಡಿಸಲು ಹಾಕಿದಲ್ಲೇ ನಿಂತರು. 1918ರ ಇನ್‌ಫ್ಲುಯೆಂಜಾ ಬೇರೆ. ಕಾಡಂಚಿನ ಕೋಟೆ ಕಡೆಯ ಊರುಗಳಿಗೆ ಇದೆಲ್ಲದರ ಜೊತೆಗೆ ಚಳಿಜ್ವರ ಮನೆಯ ನೆಂಟನಂತೆ ಇದ್ದೇ ಇತ್ತು. ‘ಹಾಳೂರಿಗೆ ಉಳಿದವನೇ ಗೌಡ’ ಎಂದು ಗಾದೆ ಮಾಡಿ ನಾವು ನಗುತ್ತೇವೆ. ಉಳಿದವಳು ಏನಾಗುತ್ತಾಳೆ ಎಂದು ಗಾದೆ ಹೇಳುವುದಿಲ್ಲ.

ಅಜ್ಜಿಯ ಊರು ಯಾವ ಕಾರಣಕ್ಕೆ ಹಾಳಾಯಿತೆಂದು ಅವಳೇ ಒಮ್ಮೊಮ್ಮೆ ಒಂದೊಂದು ಹೇಳುತ್ತಿದ್ದಳು. ಜ್ವರ ಅನ್ನುತ್ತಿದ್ದಳು, ಆನೆಕಾಟ ಅನ್ನುತ್ತಿದ್ದಳು, ಒಂದು ಸಲ ಮಾರಿಯ ಮುನಿಸು ಅಂದಳು. ಅವಳಿಗೆ ಮದುವೆಯಾಗುವ ಹೊತ್ತಿಗೆ ಅಲ್ಲಿದ್ದದ್ದು ಐದಾರು ಮನೆ. ಕಡೆಯ ಮನೆಯವರು ಪಕ್ಕದ ಊರಿಗೆ ಎದ್ದುಹೋದ ಮೇಲೂ ವರ್ಷಕ್ಕೊಂದು ಸಲ, ಯುಗಾದಿ ಕಳೆದ ಸೋಮವಾರ, ಎಣ್ಣೆ ಬತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು. ಚಿಕ್ಕವಳಿದ್ದಾಗ ನಾನೂ ಒಮ್ಮೆ ಹೋಗಿದ್ದೆ. ಕುಸಿದ ಮಣ್ಣುಗೋಡೆಯ ದಿಬ್ಬಗಳು, ಹೂಳು ತುಂಬಿದ ಬಾವಿ, ಎರಡು ಹುಣಸೆಮರ, ಅರ್ಧ ಹೂತುಹೋದ ಮಾಸ್ತಿಕಲ್ಲು, ಚಾವಣಿಯಿಲ್ಲದ ಗುಡಿಯಲ್ಲಿ ಬಸವಣ್ಣ. ಅಜ್ಜಿ ಬಸವಣ್ಣನಿಗೆ ದೀಪ ಹಚ್ಚಿದಳು, ಆಮೇಲೆ ಒಂದು ದಿಬ್ಬದ ಮೇಲೂ ಹಚ್ಚಿಟ್ಟಳು. ಅದು ಅವರ ಮನೆಯಿದ್ದ ಜಾಗ. ಸೊಸೆಯಾದವಳು ಗಂಡನ ಮನೆಯ ದೀಪ ಬೆಳಗಬೇಕೆಂದು ಹಾಡಿ ಕಳಿಸುತ್ತಾರೆ. ತವರಿನ ದೀಪ ಹಚ್ಚಲು ಅಣ್ಣತಮ್ಮಂದಿರ ಹೆಂಡಿರು ಇರುತ್ತಾರೆ. ಅಲ್ಲಿ ಯಾರೂ ಇರಲಿಲ್ಲ. ಅವಳೇ ಹಚ್ಚಿದಳು. ಗಾಳಿಗೆ ಎಷ್ಟು ಹೊತ್ತು ನಿಂತಿತೋ ಏನೋ. ಗುಡಿಗೆ ಅಕ್ಕಪಕ್ಕದ ಊರಿನವರೂ ಬಂದಿದ್ದರು, ಎಡೆ ಇಟ್ಟರು, ಮಕ್ಕಳು ಹುಣಸೆಕಾಯಿ ಬಡಿದರು, ಹೆಂಗಸರು ಸೊಪ್ಪು ಕಿತ್ತರು. ಆವತ್ತು ಅದು ಖಾಲಿ ಊರು ಎಂದು ನನಗೆ ಅನ್ನಿಸಲೇ ಇಲ್ಲ.

ಕಾಗದದಲ್ಲಿ ಊರಿದ್ದು ಜನರಿಲ್ಲದ್ದು ಬೇಚಿರಾಕ್. ಹೆಗ್ಗಡದೇವನಕೋಟೆಯಲ್ಲೂ ಹುಣಸೂರಿನಲ್ಲೂ ಇದರ ತಿರುಗುಮುರುಗು ಇನ್ನೊಂದಿದೆ: ಜನರಿದ್ದಾರೆ, ಕಾಗದದಲ್ಲಿ ಊರಿಲ್ಲ. ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳ ಮಾತು ಹೇಳುತ್ತಿದ್ದೇನೆ. ಕಾಡಿನ ನಕ್ಷೆ ಬರೆದವರಿಗೆ ಅಲ್ಲಿ ತೇಗ, ಬೀಟೆ, ಆನೆ ಕಂಡವು. ಕಾಕನಕೋಟೆಯ ಖೆಡ್ಡಾ ನೋಡಲು ವೈಸರಾಯರುಗಳು ಬಂದರು, ಛಾಯಾಚಿತ್ರ ತೆಗೆಸಿಕೊಂಡರು. ಆ ಚಿತ್ರಗಳಲ್ಲಿ ಆನೆಯ ಕುತ್ತಿಗೆಯ ಮೇಲೆ ಕುಳಿತ ಕುರುಬ ಮಾವುತನಿದ್ದಾನೆ, ಚಿತ್ರದ ಕೆಳಗೆ ಅವನ ಹೆಸರಿಲ್ಲ. 1971ರದ್ದೇ ಕೊನೆಯ ಖೆಡ್ಡಾ. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, 1988ರಲ್ಲಿ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವೆಂದರೆ ಒಳಗೆ ಯಾರೂ ಇರಬಾರದು. ಇದ್ದವರು ಹೊರಗೆ ಬರಬೇಕು. ತೊಂಬತ್ತರ ದಶಕದ ಕೊನೆಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಸಾಲಾಗಿ ಮನೆ ಕಟ್ಟಿ ಕೆಲವರನ್ನು ತಂದು ಬಿಟ್ಟರು. ಅದಕ್ಕೂ ಮೊದಲು ಹೊರಬಿದ್ದು ಕಾಫಿ ತೋಟಗಳ ಲೈನುಮನೆ ಸೇರಿದವರ ಲೆಕ್ಕವೇ ಇರಲಿಲ್ಲ. ಹೈಕೋರ್ಟಿನ ಆದೇಶದ ಮೇಲೆ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ ಕುಳಿತು ಎಣಿಸಿದಾಗ 3,418 ಕುಟುಂಬಗಳು ಸಿಕ್ಕವು. ವರದಿ ಬಂದದ್ದು 2014ರಲ್ಲಿ. ಖಾಲಿ ಎಂದುಕೊಂಡಿದ್ದ ಕಾಡಿನಿಂದ ಮೂರು ಸಾವಿರದ ನಾನೂರು ಒಲೆಗಳು ಎದ್ದು ಬಂದಿದ್ದವು!

ಹುಲಿ ಆನೆ ಉಳಿಯಬೇಕೆನ್ನುವವರಲ್ಲಿ ನಾನೂ ಒಬ್ಬಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನೊಳಗೆ ಹಾಡಿಯವರ ದೇವರ ಕಲ್ಲುಗಳಿವೆ, ಅವರ ಹಿರಿಯರ ಗೋರಿಗಳಿವೆ. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ ಹಕ್ಕಿಗೆ ಅರ್ಜಿ ಹಾಕುವಾಗ ಇಂಥ ಗುರುತುಗಳನ್ನೇ ಸಾಕ್ಷಿಯಾಗಿ ತೋರಿಸಬೇಕಾಗಿ ಬಂತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಹಾಡಿಯ ಜೇನುಕುರುಬ ಕುಟುಂಬಗಳು ಇದು ನಮ್ಮ ಹಿರಿಯರ ಜಾಗವೆಂದು ನಾಗರಹೊಳೆಯೊಳಗೆ ಮರಳಿ ಹೋಗಿ ಗುಡಿಸಲು ಹಾಕಿದ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ಆ ದಿಬ್ಬದ ಮೇಲಿನ ದೀಪ.

ಕೋಟೆ ಸೀಮೆಯಲ್ಲಿ ಖಾಲಿಯಾದದ್ದು ಕಾಡೊಂದೇ ಅಲ್ಲ, ಒಂದು ರಾಜಧಾನಿಯೂ ಹೌದು. ಕಪಿನಿ ದಡದ ಕಿತ್ತೂರು ಹಿಂದೆ ಪುನ್ನಾಟ ರಾಜ್ಯದ ಕೀರ್ತಿಪುರ. ಎರಡನೆಯ ಶತಮಾನದ ಟಾಲೆಮಿ ಎಂಬ ಗ್ರೀಕ್ ಭೂಗೋಳ ಬರಹಗಾರ ಪುನ್ನಾಟದಲ್ಲಿ ವೈಡೂರ್ಯ ಸಿಗುತ್ತದೆಂದು ಬರೆದಿಟ್ಟಿದ್ದಾನೆ. ಪುನ್ನಾಟದ ರಾಜ ಸ್ಕಂದವರ್ಮನಿಗೆ ಒಬ್ಬ ಮಗಳು. ಅಪ್ಪ ಅವಳನ್ನು ಬೇರೊಬ್ಬನಿಗೆ ಗೊತ್ತುಮಾಡಿದ್ದರೂ ತಾನಾಗಿ ಬಂದು ಗಂಗರ ಅವಿನೀತನನ್ನು ವರಿಸಿದಳೆಂದು ಗಂಗರ ಶಾಸನ ಹೇಳುತ್ತದೆ. ಅವಳ ಮಗನೇ ದುರ್ವಿನೀತ. ಅವಳ ಮೂಲಕ ಪುನ್ನಾಟ ಗಂಗರಿಗೆ ಸೇರಿತು, ರಾಜಧಾನಿ ಹಳ್ಳಿಯಾಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದಾಗ 19.52 ಟಿಎಂಸಿ ನೀರಿಗೆ ಜಾಗ ಬೇಕಾಯಿತು. ಕಾಕನಕೋಟೆ ಕಾಡಿನ ಬಹುಭಾಗವೂ ಎಷ್ಟೋ ಊರುಗಳೂ ಹಿನ್ನೀರಿನಡಿ ಹೋದವು, ಕಿತ್ತೂರು ಕೂಡ. ಅಲ್ಲಿ ಮಾತ್ರ ‘ಖಾಲಿ’ ಮತ್ತು ‘ತುಂಬು’ ಎರಡೂ ಅದಲುಬದಲಾಗಿವೆ. ಜಲಾಶಯ ತುಂಬಿತು ಎಂದರೆ ಊರು ಖಾಲಿ. ಬರ ಬಿದ್ದು ಜಲಾಶಯ ಖಾಲಿಯಾದ ವರ್ಷ ಹಳೆಯ ಗುಡಿಯ ಕಲ್ಲುಗಳು ಮೇಲೆ ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ನೀರಾವರಿ ಇಂಜಿನಿಯರರ ಲೆಕ್ಕದಲ್ಲಿ ಕೆಟ್ಟ ವರ್ಷ ಯಾವುದೋ ಮುಳುಗಿದೂರಿನ ಮುದುಕಿಗೆ ಅದೇ ತವರು ಕಾಣುವ ವರ್ಷ.

ಪಿರಿಯಾಪಟ್ಟಣದ ಕಡೆಯದು ಇನ್ನೊಂದು ಬಗೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಟಿಬೆಟ್ಟಿಯನ್ನರು. ಮೈಸೂರು ಸರ್ಕಾರ ಬೈಲುಕುಪ್ಪೆಯ ಬಳಿ ಮೂರು ಸಾವಿರ ಎಕರೆಯಷ್ಟು ಕಾಡು ಕೊಟ್ಟಿತು. ಹಿಮದಲ್ಲಿ ಹುಟ್ಟಿದವರು ಸೆಕೆಯಲ್ಲಿ ಬಿದಿರುಮೆಳೆ ಕಡಿದು, ಸುಟ್ಟು, ಡೇರೆಗಳಲ್ಲಿದ್ದುಕೊಂಡು ಮುಸುಕಿನ ಜೋಳ ಬೆಳೆದರು. ಬಿಸಿಲಿಗೆ, ಜ್ವರಕ್ಕೆ, ಆನೆಗೆ ಸಿಕ್ಕಿ ಎಷ್ಟೋ ಜನ ಸತ್ತರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದು ವಸತಿ ಆಯಿತು. ಪಕ್ಕದ ಕಾಡಿನಿಂದ ಒಬ್ಬರನ್ನು ಹೊರಕ್ಕೆ ತಂದ ಕಾಲಕ್ಕೆ ಸ್ವಲ್ಪ ಮುಂಚೆ ಇನ್ನೊಬ್ಬರನ್ನು ಒಳಕ್ಕೆ ಕೂರಿಸಿದ್ದಾರಲ್ಲ ಎಂದು ಯೋಚನೆ ಬರುತ್ತದೆ. ಟಿಬೆಟ್ಟಿನವರ ಮೇಲೆ ಕೋಪವಿಲ್ಲ. ಮನೆ ಕಳೆದುಕೊಂಡು ಬಂದವರ ಮೇಲೆ ಕೋಪಿಸಿಕೊಳ್ಳುವುದು ಹೇಗೆ? ಅವರು ಬಿಟ್ಟುಬಂದ ಊರುಗಳನ್ನೂ ಅಲ್ಲಿ ಯಾರೋ ಖಾಲಿ ಎಂದು ಬರೆದುಕೊಂಡಿರಬಹುದು.

ಬೈಲುಕುಪ್ಪೆಯ ಸೆರಾ ಮಠ 1970ರಲ್ಲಿ ಮತ್ತೆ ಆರಂಭವಾದದ್ದು. ಅಲ್ಲಿ ಸಂಜೆ ಹೊತ್ತು ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದ ಮಾಡುವುದನ್ನು ನೀವೂ ನೋಡಿರಬಹುದು. ಅವರು ವಾದ ಮಾಡುವ ವಿಷಯಗಳಲ್ಲಿ ಮುಖ್ಯವಾದದ್ದು ಶೂನ್ಯತೆ. ನಾಗಾರ್ಜುನನ ಕಾಲದಿಂದ ಬಂದ ವಿಚಾರ ಅದು. ನನ್ನಂಥವಳಿಗೆ ಅರ್ಥವಾದಷ್ಟು ಹೇಳುವುದಾದರೆ, ಶೂನ್ಯವೆಂದರೆ ಏನೂ ಇಲ್ಲವೆಂದಲ್ಲ. ತನ್ನಷ್ಟಕ್ಕೆ ತಾನೇ ನಿಂತದ್ದು ಯಾವುದೂ ಇಲ್ಲ ಎಂದು. ಮಡಕೆ ಮಣ್ಣಿನಿಂದ, ಮಣ್ಣು ನೀರಿನಿಂದ, ಕುಂಬಾರನ ಕೈಯಿಂದ. ನಮ್ಮ ಶರಣರೂ ಶೂನ್ಯ ಎಂದರು, ಬಯಲು ಎಂದರು. ಅಲ್ಲಮಪ್ರಭುವಿನ ಸುತ್ತ ಕಟ್ಟಿದ ದೊಡ್ಡ ಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದೇ ಹೆಸರು. ಸಂಪಾದನೆ ಎಂದರೆ ಗಳಿಕೆ. ಖಾಲಿಯನ್ನು ಗಳಿಸುವುದು! ಗಣಿತದವರು ಸೊನ್ನೆಯನ್ನು ಕಂಡುಹಿಡಿದು ಹೆಮ್ಮೆಪಟ್ಟರು. ಸೊನ್ನೆಗೆ ಬೆಲೆ ಬರುವುದು ಎಡಗಡೆ ಯಾರಾದರೂ ನಿಂತಾಗ. ಇಷ್ಟು ದೊಡ್ಡ ಅರ್ಥಗಳಿರುವ ಮಾತನ್ನು ದಫ್ತರದವರು ಎಷ್ಟು ಸಣ್ಣದು ಮಾಡಿಬಿಟ್ಟರು ನೋಡಿ.

ಕೃಷ್ಣರಾಜನಗರದಲ್ಲಿ ನಾನು ಬೆಳೆದೆ. ಅದೂ ಒಂದು ಊರು ಖಾಲಿಯಾದ್ದರಿಂದ ಹುಟ್ಟಿದ ಊರೇ. ಹಳೆಯ ಹೆಸರು ಎಡತೊರೆ. ಕಾವೇರಿ ಎಡಕ್ಕೆ ತಿರುಗುವಲ್ಲಿ ಅರ್ಕೇಶ್ವರನ ಗುಡಿ, ಗುಡಿಯ ಸುತ್ತ ಊರು. ಹೊಳೆ ಉಕ್ಕಿ ಮನೆಗಳಿಗೆ ನುಗ್ಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1925 ಮತ್ತು 1930ರ ನಡುವೆ, ದೂರ ಸರಿದು ಎತ್ತರದಲ್ಲಿ ಹೊಸ ಪಟ್ಟಣ ಕಟ್ಟಿದರು. ಅಗಲ ಬೀದಿ, ಅಡ್ಡ ರಸ್ತೆ ಎಲ್ಲ ನೇರ. ಊರು ಎದ್ದು ಬಂತು, ದೇವರು ಬರಲಿಲ್ಲ. ಅರ್ಕೇಶ್ವರ ಇವತ್ತೂ ಹೊಳೆದಡದಲ್ಲೇ ಇದ್ದಾನೆ, ಜಾತ್ರೆಗೆ ಹೊಸ ಊರಿನವರು ಹಳೆಯ ಊರಿಗೆ ಹೋಗಬೇಕು. ಅಲ್ಲಿ ಬಿಟ್ಟುಹೋದರೆನ್ನುವುದಕ್ಕಿಂತ ಊರನ್ನು ಹೊತ್ತೊಯ್ದರು ಎನ್ನಬಹುದು. ರಾಜರ ಮನಸ್ಸಿತ್ತು, ಹಣವಿತ್ತು, ಹೊಸ ಮನೆಗೆ ಕಾಗದವೂ ಇತ್ತು. ನಾಗಾಪುರದವರಿಗೂ ಕಬಿನಿಯವರಿಗೂ ಇಷ್ಟು ಸಿಕ್ಕಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ.

ಹೊಲದ ಮಾತಿಗೆ ಬರುತ್ತೇನೆ. ರೈತರ ಬಾಯಲ್ಲಿ ಖಾಲಿ ನೆಲಕ್ಕೆ ಬೇರೆ ಬೇರೆ ಹೆಸರಿದೆ. ಒಂದೆರಡು ವರ್ಷ ಸುಮ್ಮನೆ ಬಿಟ್ಟದ್ದು ಬೀಳು; ಅದು ನೆಲ ಮಲಗಿ ಸುಧಾರಿಸಿಕೊಳ್ಳುವುದು. ದನ ಮೇಯುವುದು ಗೋಮಾಳ. ಕಂದಾಯ ಬಾರದ್ದು ಖರಾಬು. ಖರಾಬು ಎಂದರೆ ಕೆಟ್ಟದ್ದು. ಆ ಕೆಟ್ಟದ್ದರಲ್ಲಿ ಏನೇನಿದೆ? ಬಂಡಿದಾರಿ, ಹಳ್ಳ, ಸ್ಮಶಾನ. ಊರಿಗೆಲ್ಲ ಬೇಕಾದದ್ದು ಯಾರಿಗೂ ಕಂದಾಯ ಕೊಡುವುದಿಲ್ಲವಾದ್ದರಿಂದ ಕೆಟ್ಟದ್ದಾಯಿತು. ನಮ್ಮ ಕಡೆ ಹೆಂಗಸರ ಸೌದೆ, ಸೊಪ್ಪು, ಹಸುವಿನ ಹುಲ್ಲು ಬರುವುದು ಬೀಳು, ಗೋಮಾಳ, ಖರಾಬುಗಳಿಂದಲೇ. ಅದನ್ನು ‘ಖಾಲಿ ಜಾಗ’ವೆಂದು ಯಾರಿಗಾದರೂ ಕೊಟ್ಟಾಗ ಮೊದಲು ತಟ್ಟುವುದು ಒಲೆಗೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಉಳುವವನಿಗೆ ಭೂಮಿ ಎಂಬ ತಿದ್ದುಪಡಿ ಬಂತು; 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದ್ದಾಗಿ, ಗೇಣಿದಾರರು ಅರ್ಜಿ ಹಾಕಿಕೊಂಡು ಪಡೆಯಬೇಕಾಯಿತು. ‘ಡಿಕ್ಲರೇಷನ್ ಹಾಕೋದು’ ಎಂದು ಹಳ್ಳಿಯಲ್ಲೆಲ್ಲ ಅದೇ ಮಾತು. ನಮ್ಮ ನಾಡಿನ ದೊಡ್ಡ ಕೆಲಸಗಳಲ್ಲಿ ಅದೊಂದು, ಅನುಮಾನವಿಲ್ಲ. ಆದರೆ ‘ಉಳುವವನು’ ಎನ್ನುವ ಮಾತಿನಲ್ಲೇ ಗಂಡಸು ಕೂತಿದ್ದಾನೆ. ನಾಟಿ ಹಾಕಿದವಳು, ಕಳೆ ಕಿತ್ತವಳು ಅರ್ಜಿಯ ಯಾವ ಅಂಕಣದಲ್ಲೂ ಇರುತ್ತಿರಲಿಲ್ಲ. ಗಂಡ ತೀರಿದ ಮೇಲೆ ಮಾತ್ರ ‘ಕೋಂ’ ಎಂದು ಅವನ ಹೆಸರಿನ ಮುಂದೆ ಬರುತ್ತಿದ್ದಳು. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲೆಂದು ಕಾನೂನಾಯಿತು, ಇಡೀ ದೇಶಕ್ಕೆ 2005ರಲ್ಲಿ. ಜನರಿದ್ದೂ ಊರೆಂದು ದಾಖಲಾಗದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ವಾಸಿಸುವವರಿಗೆ ಮನೆಯಡಿಯ ನೆಲ ಕೊಡುವ ತಿದ್ದುಪಡಿ 2017ರಲ್ಲಿ ಜಾರಿಯಾಯಿತು. ಕಾಗದಗಳು ನಿಧಾನಕ್ಕೆ ತುಂಬುತ್ತಿವೆ ಅನ್ನೋಣ.

ಆ ಕಿಟಕಿಯಲ್ಲಿ ಕೊಟ್ಟ ಪಹಣಿಯಲ್ಲಿ ಅಜ್ಜಿಯ ಹೆಸರಿರಲಿಲ್ಲ. ಸತ್ತು ಅರವತ್ತು ವರ್ಷಗಳಾಗಿದ್ದ ಅವಳ ಅಪ್ಪನ ಹೆಸರೇ ಇತ್ತು. ಬೆಳೆಯ ಅಂಕಣದಲ್ಲಿ ‘ಬೀಳು’. ಅರಿಶಿನ ಕುಂಕುಮಕ್ಕೆ ಕೊಟ್ಟದ್ದು ಬಾಯಿಮಾತಿನಲ್ಲಿ ಕೊಟ್ಟದ್ದು, ಬರೆಸಿರಲಿಲ್ಲ. ಪೌತಿ ಖಾತೆಗೆ ಅರ್ಜಿ ಹಾಕಿ ಎಂದರು. ವಂಶವೃಕ್ಷ ಬೇಕು, ಮರಣದ ದಾಖಲೆ ಬೇಕು, ಸ್ಥಳ ಮಹಜರು ಆಗಬೇಕು, ಮಹಜರಿಗೆ ಅದೇ ಗ್ರಾಮದ ನಾಲ್ಕು ಜನ ಸಹಿ ಹಾಕಬೇಕು.

‘ಅದೇ ಗ್ರಾಮದಲ್ಲಿ ಜನರೇ ಇಲ್ಲ ಅಂದಿರಲ್ಲ ಸರ್?’ ಎಂದೆ. ಗುಮಾಸ್ತರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರೇ ಯೋಚಿಸಿ, ‘ಅಕ್ಕಪಕ್ಕದೋರು ಗೊತ್ತಿರೋರು ಹಾಕಲಿ, ನೋಡೋಣ’ ಅಂದರು.

ಅಮ್ಮನನ್ನು ಕರೆದುಕೊಂಡು ಯುಗಾದಿ ಕಳೆದ ಸೋಮವಾರವೇ ಹೋದೆ. ಬಾವಿ ಪೂರ್ತಿ ಮುಚ್ಚಿತ್ತು, ಹುಣಸೆಮರ ಒಂದೇ ಉಳಿದಿತ್ತು. ಬಸವಣ್ಣನಿಗೆ ತಗಡಿನ ಚಾವಣಿ ಬಂದಿತ್ತು. ಪಕ್ಕದ ಊರಿನವರು ಎಡೆ ಇಡುತ್ತಿದ್ದರು. ಗ್ರಾಮಲೆಕ್ಕಿಗರು ಮಹಜರಿನ ಕಾಗದ ಹಿಡಿದು ‘ಇವರ ಕುಟುಂಬ ಇಲ್ಲಿದ್ದದ್ದು ಯಾರಿಗಾದ್ರೂ ಗೊತ್ತಾ?’ ಎಂದು ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಗುಡಿಯ ಹಿಂದೆ ಕುಳಿತಿದ್ದ ಒಬ್ಬ ಮುದುಕಿ ಎದ್ದು ಬಂದು ಅಮ್ಮನ ಮುಖವನ್ನೇ ನೋಡುತ್ತ, ‘ದಿಬ್ಬದ ಮ್ಯಾಲೆ ದೀಪ ಮಡಗ್ತಿದ್ದ ಅವ್ವನ ಮಗಳಲ್ವಾ ನೀನು?’ ಅಂದಳು.

ಮೊದಲ ಹೆಬ್ಬೆಟ್ಟು ಅವಳದೇ. ಉಳಿದ ಮೂವರು ಅವಳು ಹೇಳಿದಳೆಂದು ಹಾಕಿದರು. ಖಾತೆ ಇನ್ನೂ ಆಗಿಲ್ಲ, ಅರ್ಜಿ ಮೇಲಕ್ಕೆ ಹೋಗಿದೆ. ಹೊಲದಲ್ಲಿ ಏನು ಬೆಳೆಯುತ್ತೀಯ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಆವತ್ತು ಹೊರಡುವ ಮುಂಚೆ ಅಮ್ಮ ದಿಬ್ಬದ ಮೇಲೆ ಹಣತೆ ಇಟ್ಟಳು. ಎಣ್ಣೆ ಸಾಲದಾಗಿತ್ತು. ‘ಎಣ್ಣೆ ಹೆಚ್ಚಾಗೈತೆ, ಒಸಿ ಕೊಡವ್ವ’ ಎಂದು ಆ ಮುದುಕಿಯನ್ನು ಕೇಳಿದಳು. ಅವಳು ಬಸವಣ್ಣನ ಮುಂದಿನ ಬಟ್ಟಲಿನಿಂದ ತಂದು ಹುಯ್ದಳು.